ವಿಸಿಡಿ ಓಡದಿದ್ದರೆ ಬ್ಲೂ-ರೇ ತಗೊಳ್ಳಬೇಕಾ?

ಡಿವಿಡಿ ಸರಿಯಾಗಿ ಓಡಿ, ಮದುವೆಯ ವಿಸಿಡಿ ಹಾಕಿದಾಗ ಮಾತ್ರ ‘ನೋ ಡಿಸ್ಕ್’ ಬರುತ್ತಿದ್ದರೆ, ಹೆಚ್ಚಾಗಿ ಸಿಡಿ ಓದುವ ಲೇಸರ್ ಸೋತಿರುತ್ತದೆ (ವಿಸಿಡಿ ಅಂದರೆ ಸಿಡಿಯಲ್ಲೇ ಬರೆದ ವಿಡಿಯೋ). ಡಿವಿಡಿಗೆ 650 ನ್ಯಾನೊಮೀಟರ್ ಕೆಂಪು ಬೆಳಕು, ಸಿಡಿಗೆ 780ರ ಬೇರೆ ಬೆಳಕು ಬೇಕು. ಇಲ್ಲವೇ ಡಿಸ್ಕೇ ಕೆಟ್ಟಿರಬಹುದು. ಸ್ಟುಡಿಯೋದವರು ಬರೆದುಕೊಡುವ ಡಿಸ್ಕಿನ ಬಣ್ಣದ ಪದರ ವರ್ಷ ಕಳೆದಂತೆ ಹಾಳಾಗುತ್ತದೆ.

ಅಂಗಡಿಯಿಂದ ಕೊಂಡ ಹಾಡಿನ ಸಿಡಿ ಒಂದು ಹಾಕಿ ನೋಡಿ. ಅದು ಓಡಿದರೆ ಹೆಚ್ಚಾಗಿ ಪ್ಲೇಯರ್ ಸರಿ ಇರುತ್ತದೆ, ತೊಂದರೆ ನಿಮ್ಮ ಡಿಸ್ಕಿನದಿರಬಹುದು.

ಏನೇ ಇರಲಿ, ಹೊಸದು ಕೊಳ್ಳುವ ಮೊದಲು ಕಾಪಿ ಮಾಡಿಕೊಳ್ಳಿ, ಇದನ್ನು ಮುಂದೂಡಬೇಡಿ. ನಮ್ಮ ಅಕ್ಕನ ಮದುವೆಯ ಎರಡನೇ ಡಿಸ್ಕಿನಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೇ ಚಿತ್ರ ಚೌಕ ಚೌಕ ಆಗಿ ನಿಂತುಬಿಡುತ್ತಿತ್ತು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಡಿವಿಡಿ ಡ್ರೈವ್ ಹಚ್ಚಿದಾಗ ಬಂತು. ಡಿಸ್ಕಿನ ಎಂಪಿಇಜಿಎವಿ (MPEGAV) ಫೋಲ್ಡರ್‌ನಲ್ಲಿ ಡಿಎಟಿ (.DAT) ಫೈಲ್ ಇರುತ್ತದೆ, ಅದನ್ನೇ ಕಾಪಿ ಮಾಡಿ, ವಿಎಲ್‌ಸಿ (VLC) ಎಂಬ ವಿಡಿಯೋ ಪ್ಲೇಯರ್ ಆ್ಯಪ್‌ನಲ್ಲಿ ಓಡುತ್ತದೆ.

ಆಮೇಲೆ ಪ್ಲೇಯರ್ ವಿಚಾರ. ಇರುವುದೆಲ್ಲ ಡಿವಿಡಿ, ವಿಸಿಡಿ ಆದರೆ ಎಚ್‌ಡಿಎಂಐ ಇರುವ ಡಿವಿಡಿ ಪ್ಲೇಯರ್ ಸಾಕು. ಬ್ಲೂ-ರೇ ಪ್ಲೇಯರ್‌ನಲ್ಲಿ ಡಿವಿಡಿ ಓಡುತ್ತದೆ, ಆದರೆ ವಿಸಿಡಿ ಎಲ್ಲದರಲ್ಲೂ ಓಡಲ್ಲ. ವಿಸಿಡಿಯ ಚಿತ್ರವೇ 352x288, ಅದಕ್ಕಾಗಿ ಜಾಸ್ತಿ ದುಡ್ಡು ಸುಮ್ನೆ ಯಾಕೆ, ಅಲ್ವಾ? ಬ್ಲೂ-ರೇ ಡಿಸ್ಕ್ ಕೊಳ್ಳುವ ಆಸೆ ಇದ್ದರೆ ಮಾತ್ರ ಅದನ್ನು ತಗೊಳ್ಳಿ. ಹೊರದೇಶದ ಡಿಸ್ಕ್ ಆದರೆ ರೀಜನ್ (ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎನ್ನುವ ಗುರುತು) ನೋಡಿ, ನಮ್ಮಲ್ಲಿ ಡಿವಿಡಿಗೆ 5, ಬ್ಲೂ-ರೇಗೆ ಸಿ.

ಹುಬ್ಬಳ್ಳಿಯಲ್ಲೇ ಕೊಳ್ಳುವುದಾದರೆ ನಿಮ್ಮ ವಿಸಿಡಿ ಜೊತೆಗೆ ಒಯ್ಯಿರಿ. ಅಂಗಡಿಯಲ್ಲೇ ಹಾಕಿಸಿ, ಹತ್ತು ನಿಮಿಷ ಓಡಿದ ಮೇಲೆ ದುಡ್ಡು ಕೊಡಿ.