ಟ್ರೇಲರ್ ಎಳೆಯುವ ಡೀಸೆಲ್ ಪಿಕಪ್‌ಗೆ ಟ್ಯೂನಿಂಗ್ ಬಾಕ್ಸ್ ಹಾಕಿಸಬಹುದೇ?

ಮೂರ್ನಾಡಿನಿಂದ ಮೇಕೇರಿ ಮಾರ್ಗವಾಗಿ ಮಡಿಕೇರಿಗೆ ಕಾಫಿ ಮೂಟೆಗಳ ಟ್ರೇಲರ್ ಎಳೆದುಕೊಂಡು ಏರುವಾಗ ನಿಮ್ಮ 1.9 ಲೀಟರ್ ಎಂಜಿನ್ನಿನ ಇಸುಜು ವಿ-ಕ್ರಾಸ್ ಏದುಸಿರು ಬಿಡುತ್ತದೆ, ಎಂಜಿನ್ನಿನ ಶಕ್ತಿ ಹೆಚ್ಚಿಸಲೆಂದು ಅದರ ವೈರಿಂಗಿಗೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಹಾಕಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಅದೇ ದಾರಿಯಲ್ಲಿ ಅಂಥದೇ ಹೊರೆ ಎಳೆಯುವ ಪಿಕಪ್‌ಗೆ ಬಾಕ್ಸ್ ಹಾಕಿಸಿ, ಒಂದು ಕೊಯ್ಲಿನ ಕಾಲ ಪೂರ್ತಿಯಾಗುವ ಮೊದಲೇ ತೆಗೆದಿಟ್ಟವನು ನಾನು. ಹಾಕಿಸಬೇಡಿ ಎಂಬುದೇ ನನ್ನ ಉತ್ತರ.

ಮೊದಲು ಒಂದು ಲೆಕ್ಕ ನೋಡೋಣ. ಗಾಡಿ, ಅದರಲ್ಲಿರುವ ಜನ, ಟ್ರೇಲರ್, ಅದರ ಮೇಲೆ 50 ಕೆ.ಜಿ.ಯ 20 ಮೂಟೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು), ಎಲ್ಲ ಸೇರಿ ಮೂರೂವರೆ ಟನ್ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಇಷ್ಟು ತೂಕವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಎಳೆಯಲು ಚಕ್ರದ ಬಳಿ ಬೇಕಾಗುವುದು 40 ಅಶ್ವಶಕ್ತಿಗಿಂತ ಕಡಿಮೆ. ನಿಮ್ಮ ಎಂಜಿನ್ನಿನ ಗರಿಷ್ಠ ಶಕ್ತಿ 163. ಅಂದರೆ ಕೊರತೆಯಿರುವುದು ಶಕ್ತಿಯದ್ದಲ್ಲ. ತಿರುವಿನಿಂದ ಹೊರಬರುವಾಗ ಮೂರನೇ ಗೇರಿನಲ್ಲೇ ಉಳಿದರೆ ಎಂಜಿನ್ 1200 ಆರ್‌ಪಿಎಂಗೆ ಇಳಿದಿರುತ್ತದೆ, ಅಲ್ಲಿ ಟರ್ಬೊ ಸರಿಯಾಗಿ ಗಾಳಿ ತುಂಬುವುದಿಲ್ಲ, ನೀವು ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಮುಕ್ಕರಿಯುತ್ತದೆ. ತಿರುವಿಗೆ ಮುಂಚೆಯೇ ಎರಡನೇ ಗೇರಿಗೆ ಬಂದು 2000 ಆರ್‌ಪಿಎಂನ ಆಸುಪಾಸಿನಲ್ಲಿ ಹಿಡಿದಿಟ್ಟರೆ ಅದೇ ಎಂಜಿನ್ 360 ನ್ಯೂಟನ್ ಮೀಟರ್ ಟಾರ್ಕ್‌ನೊಂದಿಗೆ (ತಿರುಗಿಸುವ ಬಲ) ನೂರರಷ್ಟು ಅಶ್ವಶಕ್ತಿ ಕೊಡುತ್ತದೆ. ಹಾಗೆ ಮಾಡಿದ ಮೇಲೂ ಎಳೆಯದಿದ್ದರೆ ಏರ್ ಫಿಲ್ಟರನ್ನೂ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸುಗಳನ್ನೂ ನೋಡಿಸಿ. ನನ್ನ ಗಾಡಿಯಲ್ಲಿ ಒಂದು ಹೋಸಿನ ಕ್ಲಿಪ್ ಸಡಿಲವಾಗಿ, ಹೊರೆ ಬಿದ್ದಾಗಲೆಲ್ಲ ಗಾಳಿ ಸುಯ್ಯೆಂದು ಸೋರುತ್ತಿತ್ತು. ಸುತ್ತ ಎಣ್ಣೆಯ ತೇವಕ್ಕೆ ತೋಟದ ಕೆಂಪು ದೂಳು ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ಹಿಡಿದರೆ ಐದು ನಿಮಿಷದ ಕೆಲಸ. ನಾನು ಅದನ್ನು ಕಂಡದ್ದು ಬಾಕ್ಸಿಗೆ ದುಡ್ಡು ಸುರಿದ ಮೇಲೆ ಎಂಬುದು ಬೇರೆ ಮಾತು.

ಇನ್ನು ಬಾಕ್ಸ್ ಮಾಡುವುದೇನು? ಅಗ್ಗದ ಬಾಕ್ಸುಗಳಲ್ಲಿ ಹೆಚ್ಚಿನವು ಇಂಜೆಕ್ಟರುಗಳಿಗೆ ಡೀಸೆಲ್ ಒದಗಿಸುವ ಕೊಳವೆಯಾದ ಕಾಮನ್ ರೈಲಿನ ಒತ್ತಡ ಅಳೆಯುವ ಸೆನ್ಸರಿಗೂ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೂ ನಡುವೆ ಕುಳಿತು, ಇರುವುದಕ್ಕಿಂತ ಕಡಿಮೆ ಒತ್ತಡವಿದೆ ಎಂದು ಸುಳ್ಳು ಹೇಳುತ್ತವೆ. ಅದನ್ನು ನಂಬಿದ ಇಸಿಯು ಒತ್ತಡ ಹೆಚ್ಚಿಸುತ್ತದೆ, ಡೀಸೆಲ್ ಹೆಚ್ಚು ಚಿಮ್ಮುತ್ತದೆ. ಆದರೆ ಗಾಳಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೆ ಮೀರಿದ ಇಂಧನವೆಂದರೆ ಕಪ್ಪು ಹೊಗೆ ಮತ್ತು ಬಿಸಿ. ಬರಿಗಾಡಿಯಲ್ಲಿ ಬಸ್ಸೊಂದನ್ನು ಹಿಂದಿಕ್ಕುವ ಹತ್ತು ಸೆಕೆಂಡಿನಲ್ಲಿ ಈ ಬಿಸಿ ಲೆಕ್ಕಕ್ಕಿಲ್ಲ; ಹೊರೆ ಎಳೆಯುತ್ತ ಕಾಲು ಗಂಟೆ ಏರುವಾಗ ಅದು ಪಿಸ್ಟನ್ನಿಗೂ ಟರ್ಬೊಗೂ ತಟ್ಟುತ್ತದೆ. ಟರ್ಬೊಗೆ ಮುಂಚಿನ ಹೊಗೆಯ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ಮೀರಿ ನಿಮಿಷಗಟ್ಟಲೆ ನಿಲ್ಲಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ನಮ್ಮ ಪಿಕಪ್‌ಗಳ ಡ್ಯಾಶ್‌ಬೋರ್ಡಿನಲ್ಲಿ ಅದನ್ನು ತೋರಿಸುವ ಮೀಟರೇ ಇಲ್ಲ. ನೀರಿನ ಉಷ್ಣತೆಯ ಮುಳ್ಳು ಎಚ್ಚರಿಸುವ ಹೊತ್ತಿಗೆ ತಡವಾಗಿರುತ್ತದೆ.

ನೀವು ನೋಡಿರುವ ವಿಡಿಯೊಗಳು ಬಹುಶಃ ಅಮೆರಿಕದ 6.7 ಲೀಟರ್ ಎಂಜಿನ್ನಿನ ದೊಡ್ಡ ಟ್ರಕ್ಕುಗಳವು. ಅಲ್ಲಿ ಕೂಡ ಹಲವು ಹಂತಗಳಿರುವ ಟ್ಯೂನರಿನಲ್ಲಿ ಹೊರೆ ಎಳೆಯುವುದಕ್ಕೆಂದು ಇರುವುದು ಸಾಮಾನ್ಯವಾಗಿ ಕೆಳಗಿನ ಹಂತವೇ.

ನನ್ನ ಗಾಡಿಯಲ್ಲಿ ಮೊದಲು ಸೋತದ್ದು ಕ್ಲಚ್. ಫೆಬ್ರವರಿಯಲ್ಲಿ, ಮೇಕೇರಿ ದಾಟಿದ ಮೇಲಿನ ಏರಿನಲ್ಲಿ, ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿತು, ವೇಗದ ಮುಳ್ಳು ಇದ್ದಲ್ಲೇ ಇತ್ತು. ಪಕ್ಕದಲ್ಲಿ ಕುಳಿತಿದ್ದ ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಮೂಗು ಮುಚ್ಚಿಕೊಂಡು, “ಸಾರ್, ಟ್ರೇಲರ್ ಟೈರ್ ಸುಡ್ತಿದೆಯಾ?” ಎಂದು ಕೇಳಿದರು. ಸುಡುತ್ತಿದ್ದುದು ಕ್ಲಚ್ ಪ್ಲೇಟ್. ಬಾಕ್ಸ್ ಕೊಟ್ಟ ಹೆಚ್ಚುವರಿ ಟಾರ್ಕನ್ನು ಹಿಡಿಯಲಾರದೆ ಅದು ಜಾರತೊಡಗಿತ್ತು. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಬದಲಾಯಿಸಿ ಗಾಡಿ ಕೈಗೆ ಸಿಗುವ ತನಕ ಒಂಬತ್ತು ದಿನ ಬಾಡಿಗೆ ಪಿಕಪ್‌ನಲ್ಲಿ ಮೂಟೆ ಸಾಗಿಸಬೇಕಾಯಿತು.

ಏರಿಗಿಂತ ನನ್ನನ್ನು ಹೆಚ್ಚು ಕಾಡುವುದು ಇಳಿಜಾರು. ಮಡಿಕೇರಿಯಿಂದ ಕುಶಾಲನಗರದಲ್ಲಿ ಕಾಫಿಯ ಸಿಪ್ಪೆ ತೆಗೆದು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವಾಗ ಸುಮಾರು 300 ಮೀಟರ್ ಕೆಳಗಿಳಿಯುತ್ತೀರಿ. ಆ ಮೂರೂವರೆ ಟನ್ ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ 30 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಎಂಜಿನ್ ಹಿಡಿತವೂ ಗಾಳಿಯ ತಡೆಯೂ ನುಂಗಿ ಮಿಕ್ಕದ್ದೆಲ್ಲ ಬ್ರೇಕಿನ ಪಾಲು. ಬಾಕ್ಸ್ ಇಲ್ಲಿ ನಯಾಪೈಸೆಯ ಸಹಾಯ ಮಾಡುವುದಿಲ್ಲ. ನಿಮ್ಮ ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಆ ಹಣವನ್ನು ಮೊದಲು ಅದಕ್ಕೆ ಹಾಕಿ. ಮಿಕ್ಕರೆ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್‌ಗೆ.

ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್6 ಹೊಗೆ ಮಿತಿಯ ನಿಯಮಕ್ಕೆ ಒಳಪಟ್ಟ ಗಾಡಿಯಾದರೆ ಹೆಚ್ಚಿನ ಮಸಿಯೆಲ್ಲ ಹೊಗೆಕೊಳವೆಯ ಫಿಲ್ಟರಿನಲ್ಲಿ ತುಂಬಿಕೊಳ್ಳುತ್ತದೆ, ಆಗ ಅದನ್ನೇ ಕಿತ್ತುಹಾಕಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ವಾರಂಟಿಯೂ ವಿಮೆಯೂ ಕೈಕೊಡುವ ಸಾಧ್ಯತೆಯನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದರೂ ಹಾಕಿಸಲೇಬೇಕೆಂದಿದ್ದರೆ ಬಾಕ್ಸ್ ಬಿಟ್ಟು, ಇಂಧನ ಮತ್ತು ಟರ್ಬೊ ಒತ್ತಡ ಎರಡನ್ನೂ ಒಟ್ಟಿಗೆ ಅಳೆದು ಹೊಂದಿಸುವ ಮಿತವಾದ ರೀಮ್ಯಾಪ್ (ಇಸಿಯುವಿನ ತಂತ್ರಾಂಶವನ್ನೇ ಬದಲಿಸುವುದು) ಮಾಡುವವರನ್ನು ಹುಡುಕಿ, ಅದಕ್ಕೂ ಮೊದಲು ಹೊಗೆಯ ಉಷ್ಣತೆಯ ಮೀಟರ್ ಕೂರಿಸಿ, ಈಗಿನ ಸ್ಥಿತಿಯಲ್ಲಿ ಮೇಕೇರಿ ಏರಿನಲ್ಲಿ ಅದು ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಿ. ಕೊಯ್ಲು ಮುಗಿದು ಕೊನೆಯ ಮೂಟೆ ತೋಟದಿಂದ ಹೊರಟ ಮೇಲಷ್ಟೇ ಗಾಡಿಯನ್ನು ಅವರಿಗೆ ಕೊಡಿ.