ಎರಡನೇ ಕಾರ್ಡಿಗೆ ಐಪಿ ಬೇಡ

ಓಪನ್‌ಸ್ಟ್ಯಾಕ್ (ಕ್ಲೌಡ್ ನಡೆಸುವ ಸಾಫ್ಟ್‌ವೇರ್) ಸರ್ವರ್‌ನ ಎರಡೂ ನೆಟ್‌ವರ್ಕ್ ಕಾರ್ಡಿಗೆ ಐಪಿ ಕೊಟ್ಟಿದ್ದೆ, ಎರಡನೆಯದನ್ನು ಬ್ರಿಡ್ಜ್‌ಗೆ (ಸಾಫ್ಟ್‌ವೇರ್ ಸ್ವಿಚ್) ಸೇರಿಸಿದ ಕೂಡಲೇ ಅದಕ್ಕೆ ಪಿಂಗ್ ನಿಂತುಹೋಯಿತು, ಯಾಕೆ ಅಂತ ಕೇಳಿದ್ದೀರಿ. ಗಾಬರಿ ಬೇಡ, ಕಾರ್ಡ್ ಕೆಟ್ಟಿಲ್ಲ. ಓಪನ್ ವಿಸ್ವಿಚ್ ಎಂಬ ಸಾಫ್ಟ್‌ವೇರ್‌ನ ಬ್ರಿಡ್ಜ್‌ಗೆ ಸೇರಿದ ಕಾರ್ಡ್ ಬರೀ ಒಂದು ಪೋರ್ಟ್ ಆಗುತ್ತದೆ. ಬಂದ ಪ್ಯಾಕೆಟ್ ನೇರ ಬ್ರಿಡ್ಜ್‌ಗೆ ಹೋಗುತ್ತದೆ. ಕಾರ್ಡಿಗೆ ಕೊಟ್ಟ ಐಪಿ ಇದ್ದೂ ಕೆಲಸಕ್ಕೆ ಬರುವುದಿಲ್ಲ.

ಮೊದಲ ಕಾರ್ಡನ್ನು ಮ್ಯಾನೇಜ್‌ಮೆಂಟ್‌ಗೆ ಇಟ್ಟುಕೊಳ್ಳಿ. ಸ್ಥಿರ ಐಪಿ, ಡಿಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ದಾರಿ) ಎರಡೂ ಅಲ್ಲೇ ಇರಲಿ. ಎರಡನೆಯದರಲ್ಲಿ ಐಪಿ ತೆಗೆಯಿರಿ, ಡಿಎಚ್‌ಸಿಪಿ (ಐಪಿ ತಾನಾಗಿ ಪಡೆಯುವ ವ್ಯವಸ್ಥೆ) ಆಫ್ ಮಾಡಿ, ಸುಮ್ನೆ ಅಪ್ ಮಾಡಿ ಬಿಡಿ. ಎರಡು ಕಡೆ ಗೇಟ್‌ವೇ ಕೊಟ್ಟರೆ ಉತ್ತರದ ಪ್ಯಾಕೆಟ್ ಬೇರೆ ದಾರಿ ಹಿಡಿಯಬಹುದು, ಅದನ್ನು ಹುಡುಕುವುದು ಇನ್ನೂ ಜಾಸ್ತಿ ತಲೆನೋವು. ಈ ಬದಲಾವಣೆಯನ್ನು ದಯವಿಟ್ಟು ಕನ್ಸೋಲ್‌ನಿಂದ (ಸರ್ವರ್‌ನದೇ ಪರದೆ, ಕೀಬೋರ್ಡ್) ಮಾಡಿ. ಎಸ್‌ಎಸ್‌ಎಚ್‌ನಲ್ಲಿದ್ದರೆ, ಅಂದರೆ ನೆಟ್‌ವರ್ಕ್ ಮೂಲಕ ಲಾಗಿನ್ ಆಗಿದ್ದರೆ, ಮಧ್ಯದಲ್ಲಿ ಹೊರಗೆ ಬೀಳುವ ಅಪಾಯ ಇದೆ.

ನೀವು ಕೇಳಿಲ್ಲ, ಆದರೂ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ನೋಡಿಕೊಳ್ಳಿ. ಐಪಿವಿ4 ಮೇಲೆ ವಿಎಕ್ಸ್‌ಲ್ಯಾನ್ (ಇರುವ ನೆಟ್‌ವರ್ಕ್ ಮೇಲೆ ಕಟ್ಟುವ ವರ್ಚುವಲ್ ನೆಟ್‌ವರ್ಕ್) ಓಡಿಸಿದರೆ ಪ್ರತಿ ಪ್ಯಾಕೆಟ್‌ಗೆ 50 ಬೈಟ್ ಹೆಚ್ಚುವರಿ ಸೇರುತ್ತದೆ. ಕಾರ್ಡ್‌ನಲ್ಲಿ 1500 ಇದ್ದರೆ ವಿಎಂ (ವರ್ಚುವಲ್ ಮೆಷಿನ್) ಒಳಗೆ 1450 ಇರಬೇಕು. ಇಲ್ಲದಿದ್ದರೆ ಪಿಂಗ್ ಸರಿಯಾಗಿ ಹೋಗುತ್ತದೆ, ದೊಡ್ಡ ಫೈಲ್ ಅರ್ಧಕ್ಕೆ ನಿಲ್ಲುತ್ತದೆ.

ಇಷ್ಟಾದ ಮೇಲೂ ಹೊರಗಿನಿಂದ ವಿಎಂಗೆ ಪಿಂಗ್ ಹೋಗದಿದ್ದರೆ, ಸೆಕ್ಯುರಿಟಿ ಗ್ರೂಪ್‌ನಲ್ಲಿ (ವಿಎಂನ ಫೈರ್‌ವಾಲ್ ನಿಯಮಗಳು) ಐಸಿಎಂಪಿಗೆ (ಪಿಂಗ್ ಬಳಸುವ ಪ್ರೋಟೊಕಾಲ್) ಅನುಮತಿ ಇದೆಯಾ ನೋಡಿ.