ಹನ್ನೆರಡು ಗಂಟೆಗೆ 26,000 ರೂಪಾಯಿ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಪೀಣ್ಯದಲ್ಲಿ ಲೋಹಕ್ಕೆ ರಂಧ್ರ ಕೊರೆಯುವ ರೇಡಿಯಲ್ ಡ್ರಿಲ್ಲಿಂಗ್ ಯಂತ್ರದಲ್ಲಿ ದಿನಕ್ಕೆ ಎಂಟು ಗಂಟೆ ದುಡಿದು ತಿಂಗಳಿಗೆ 18,000 ರೂಪಾಯಿ ಪಡೆಯುತ್ತಿರುವ ನೀವು, ಕೊರೆದ ರಂಧ್ರವನ್ನು ನಿಖರ ಅಳತೆಗೆ ಹಿಗ್ಗಿಸುವ ಬೋರಿಂಗ್ ಯಂತ್ರದಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿದರೆ ತಿಂಗಳಿಗೆ 26,000 ಕೊಡುವ ಕೆಲಸಕ್ಕೆ ಸೇರಬಹುದೇ ಎಂದು ಕೇಳಿದ್ದೀರಿ. ಮೊತ್ತವನ್ನು ನೋಡಬೇಡಿ, ಗಂಟೆಯ ದರವನ್ನು ನೋಡಿ. ಹೆಚ್ಚುವರಿ ದುಡಿಮೆಗೆ ಕಾನೂನಿನ ಪ್ರಕಾರ ಎರಡು ಪಟ್ಟು ದರ ಸಲ್ಲಬೇಕಾದ್ದರಿಂದ, ಎಂಟು ಗಂಟೆಯ ಮೇಲಿನ ನಾಲ್ಕು ಗಂಟೆಗಳು ಲೆಕ್ಕದಲ್ಲಿ ಎಂಟಾಗುತ್ತವೆ. ಅಂದರೆ 26 ದಿನಗಳ ತಿಂಗಳಲ್ಲಿ ದಿನದ 1,000 ರೂಪಾಯಿಯನ್ನು ಹದಿನಾರು ಗಂಟೆಗೆ ಹಂಚಿದರೆ ಗಂಟೆಗೆ 62.50 ಬೀಳುತ್ತದೆ. ಎಂಟು ಗಂಟೆಯ ಲೆಕ್ಕಕ್ಕೆ ಇದು ಕೇವಲ 13,000! ಈಗಿನ ಸಂಬಳಕ್ಕಿಂತ 5,000 ಕಡಿಮೆ.

ಬೋರಿಂಗ್‌ನಲ್ಲಿ, ಬೋರ್ ಡಯಲ್ ಗೇಜ್ ಎಂಬ ಅಳತೆಯ ಉಪಕರಣ ಹಿಡಿದು ರಂಧ್ರದ ಅಳತೆಯನ್ನು ಮೈಕ್ರಾನ್‌ಗಳಲ್ಲಿ ಕಾಯುವ ಕೆಲಸ ಡ್ರಿಲ್ಲಿಂಗ್‌ಗಿಂತ ಹೆಚ್ಚಿನ ಕೌಶಲವನ್ನು ಬೇಡುತ್ತದೆ. ಒಂದು ಕಟ್ ತಪ್ಪಿದರೆ ದುಬಾರಿ ಎರಕವೇ ಗುಜರಿಗೆ ಹೋಗುತ್ತದೆ. ಆದುದರಿಂದ ನೇಮಕಾತಿ ಪತ್ರದಲ್ಲಿ ನಿಮ್ಮನ್ನು ಕುಶಲ ಕಾರ್ಮಿಕರೆಂದು ನಮೂದಿಸಿದ್ದಾರೆಯೇ, ಮೂಲ ವೇತನ ಮತ್ತು ತುಟ್ಟಿಭತ್ಯೆ ಪ್ರತ್ಯೇಕವಾಗಿವೆಯೇ ಎಂಬುದನ್ನು ನೋಡಿ, ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಅಧಿಸೂಚನೆಯೊಂದಿಗೆ ಹೋಲಿಸಿ. ಭವಿಷ್ಯ ನಿಧಿಯ ಶೇ 12ರ ವಂತಿಗೆಯ ಲೆಕ್ಕವೂ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆಯೇ ನಿಂತಿದೆ. ಬೋರಿಂಗ್ ಕಲಿಯುವುದು ಖಂಡಿತ ಒಳ್ಳೆಯದು. ಆದರೆ ಎಂಟು ಗಂಟೆಗೆ 18,000ಕ್ಕಿಂತ ಹೆಚ್ಚು ಕೊಟ್ಟು ಹೆಚ್ಚುವರಿ ಗಂಟೆಗಳ ಹಣವನ್ನು ಬೇರೆಯಾಗಿ ಬರೆದುಕೊಟ್ಟರೆ ಮಾತ್ರ ಒಪ್ಪಿಕೊಳ್ಳಿ.